ಮನೆ ಮಾಡಿನ ಮೇಲೆ ‘ಪುಕ್ಕಟೆ’ ಸೌರ ಫಲಕ: ಸಹಿಗೆ ಮುಂಚೆ ಒಂದಿಷ್ಟು ಲೆಕ್ಕ



ಕಳೆದ ಚಾಲಿ ಹಂಗಾಮಿನಲ್ಲಿ ಒಬ್ಬ ತರುಣರು ನಮ್ಮ ಸಂಘದ ಕಚೇರಿಗೆ ಬಂದು, ಮನೆ ಮಾಡಿನ ಮೇಲೆ ಸೌರ ಫಲಕ ಪುಕ್ಕಟೆಯಾಗಿ ಕೂರಿಸಿಕೊಡುವುದಾಗಿಯೂ, ಕರೆಂಟು ಬಿಲ್ಲು ಮತ್ತು ಆಧಾರ್ ಪ್ರತಿ ಕೊಟ್ಟರೆ ಸಾಕೆಂದೂ ಹೇಳಿದರು. ಪದವಿ ಓದಿದ ನಾನೂ ಮೊದಲು ಪ್ರತಿ ಕೊಟ್ಟು, ಆಮೇಲೆ ಕರಾರುಪತ್ರ ಕೇಳಿದೆ. ರಾತ್ರಿ ಕೂತು ಓದಿದರೆ, ಮಾಡು 25 ವರ್ಷ ಅವರ ವಶ; ಉತ್ಪಾದನೆಯಾದ ಯೂನಿಟ್ಟಿಗೆ ನಾನು ದರ ಕೊಡಬೇಕು, ಆ ದರ ವರ್ಷವರ್ಷ ಏರುತ್ತದೆ; ಮನೆ ಮಾರಲು, ಹಿಸ್ಸೆ ಮಾಡಲು ಅವರ ಒಪ್ಪಿಗೆ ಬೇಕು. ತಮ್ಮಂದಿರೊಡನೆ ಇನ್ನೂ ಹಿಸ್ಸೆಯಾಗದ ಮನೆ ನನ್ನದು. ಸಹಿ ಹಾಕಲಿಲ್ಲ. ಆದರೆ ಅಷ್ಟರಲ್ಲಿ ನಾಲ್ವರು ಸದಸ್ಯರು, ಕಾರ್ಯದರ್ಶಿಯೇ ಕೊಟ್ಟಿದ್ದಾರಲ್ಲ ಎಂದು ತಾವೂ ಪ್ರತಿ ಕೊಟ್ಟಾಗಿತ್ತು. ಆ ಮುಜುಗರದಿಂದಲೇ ಈ ಬರಹ.

ಸರ್ಕಾರದ ಯೋಜನೆ ಬೇರೆ. 2024ರ ಫೆಬ್ರವರಿಯಲ್ಲಿ ಆರಂಭವಾದ ‘ಪ್ರಧಾನಮಂತ್ರಿ ಸೂರ್ಯ ಘರ್’ ಯೋಜನೆಯ ಹೆಸರಿನಲ್ಲಿ ‘ಮುಫ್ತ್ ಬಿಜಲಿ’ ಎಂದಿದ್ದರೂ ಫಲಕ ಪುಕ್ಕಟೆಯಲ್ಲ. ಒಂದು ಕಿಲೋವ್ಯಾಟಿಗೆ 30,000 ರೂ., ಎರಡಕ್ಕೆ 60,000 ರೂ., ಮೂರು ಅಥವಾ ಹೆಚ್ಚಿನದಕ್ಕೆ 78,000 ರೂ. ಸಹಾಯಧನ. ಮೊದಲು ನಾವು ಹಣ ಹಾಕಬೇಕು ಅಥವಾ ಬ್ಯಾಂಕಿನ ಸಾಲ ಮಾಡಬೇಕು; ಕೆಲಸ ಮುಗಿದು ಹೆಸ್ಕಾಂ ತಪಾಸಣೆಯಾದ ಮೇಲೆ ಸಹಾಯಧನ ನಮ್ಮ ಖಾತೆಗೆ ಬರುತ್ತದೆ. ಕಂಪನಿಯೇ ಹಣ ಹಾಕುವ ಪದ್ಧತಿಗೂ ಕೇಂದ್ರ ಸರ್ಕಾರ 2024ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ಕನಿಷ್ಠ ಐದು ವರ್ಷ ಫಲಕ ಅವರದು, ಆಮೇಲೆ ಮನೆಯವರದು. ನನ್ನ ಕೈಗೆ ಬಂದ ಕಾಗದದಲ್ಲಿ 25 ವರ್ಷವಿತ್ತೆಂಬುದನ್ನು ನೆನಪಿಡಿ.

ಇನ್ನು ಲಾಭದ ಮಾತು. 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 80-100 ಯೂನಿಟ್ ಉರಿಸಿ, ಅದು ತನ್ನ ಅರ್ಹತೆಯ ಮಿತಿಯೊಳಗಿದ್ದರೆ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಉಳಿಸುವುದೇನು? ಅಂಥ ಮನೆಯವರು ಯೂನಿಟ್ಟಿಗೆ ಇಷ್ಟು ಎಂದು ಕಂಪನಿಗೆ ಕೊಡಲು ಒಪ್ಪಿದರೆ, ಇಲ್ಲದ ಖರ್ಚನ್ನು ಬರಮಾಡಿಕೊಂಡಂತೆ. 200 ಯೂನಿಟ್ ದಾಟಿದವರ ಕಥೆ ಬೇರೆ, ಅವರು ಪೂರ್ತಿ ಬಿಲ್ಲು ಕಟ್ಟಬೇಕು. 260 ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 1,560 ರೂ. ಮೂರು ಕಿಲೋವ್ಯಾಟಿಗೆ 2 ಲಕ್ಷ ಎಂದುಕೊಂಡು ಸಹಾಯಧನ ಕಳೆದರೆ 1,22,000 ರೂ. ಬಡ್ಡಿ ಬಿಟ್ಟು, ಆರೇಳು ವರ್ಷಕ್ಕೆ ಹಣ ಹುಟ್ಟೀತು. (ಸ್ನಾನಕ್ಕೆ ಹಂಡೆ ಒಲೆ, ಅದಕ್ಕೆ ಅಡಿಕೆ ಸಿಪ್ಪೆ ಇರುವ ಮನೆ 200 ದಾಟುವುದೇ ಅಪರೂಪ.) ತೋಟದ ಪಂಪ್‌ಸೆಟ್ಟಿನ ಮೀಟರು ಈ ಲೆಕ್ಕಕ್ಕೆ ಸೇರುವುದಿಲ್ಲ.

ನಮ್ಮ ಸೀಮೆಯ ಅಡಚಣೆಗಳನ್ನು ಆ ತರುಣರು ಹೇಳಲಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಹಳಿಯಾಳ, ಮುಂಡಗೋಡದ ಬಯಲು ಮನೆಗೆ ಇದು ಸರಿ. ಜೋಯಿಡಾದ ಕಾಡಂಚಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ. ಮೇಲಾಗಿ ಹಲಸು, ತೆಂಗಿನ ನೆರಳು. ಒಂದು ಫಲಕಕ್ಕೆ ನೆರಳು ಬಿದ್ದರೆ ಅದರೊಡನೆ ಸರಣಿಯಲ್ಲಿ ಜೋಡಿಸಿದ ಉಳಿದವೂ ಸೊರಗಬಹುದು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ಜಾಗ ಬೇಕು. ತಾರಸಿಯ ಮುನ್ನೂರು ಚದರಡಿ ಫಲಕಕ್ಕೆ ಹೋದರೆ ಚಾಲಿ ಒಣಗಿಸುವುದೆಲ್ಲಿ? ಹಂಚಿನ ಮಾಡಾದರೆ ಪಕಾಸಿನ ಬಲ ನೋಡಬೇಕು, ಮಂಗಗಳ ಕಾಟವಂತೂ ಇದ್ದೇ ಇದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇನ್ನೊಂದು. ಗ್ರಿಡ್ಡಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಫಲಕ ಹೆಸ್ಕಾಂ ಲೈನು ಹೋದಾಗ ತಾನೂ ನಿಂತುಬಿಡುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ನ ಜೀವಕ್ಕೆ ಅಪಾಯವಾಗದಿರಲೆಂದು ಹಾಗೆ ಮಾಡಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕತ್ತಲಾದರೆ, ತಲೆಯ ಮೇಲೆ ಫಲಕವಿದ್ದೂ ಕತ್ತಲೆಯೇ. ಸೂಪಾ ಅಣೆಕಟ್ಟಿಗೆ ನೆಲ ಕೊಟ್ಟ ಜೋಯಿಡಾದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಬೆಳಕೇ ಬೇಕಿದ್ದವರಿಗೆ ಸಣ್ಣ ಬ್ಯಾಟರಿ ದೀಪದ ವ್ಯವಸ್ಥೆ ಸಾಕು.

ಆರ್.ಆರ್. ನಂಬರು ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಸಹಾಯಧನದ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಕರಾರುಪತ್ರ ಬಂದವರು ಸಹಿಗೆ ಮುಂಚೆ ಕಚೇರಿಗೆ ತನ್ನಿ, ಒಟ್ಟಿಗೆ ಕೂತು ಓದೋಣ. ಅಡಿಕೆ ತೂಕದ ದಿನ ಮಾತ್ರ ಬೇಡ.