ಲಿಂಗೈಕ್ಯ: ಮರಣದ ಶರಣದೃಷ್ಟಿ

ಲೋಕದ ಜನಕ್ಕೆ ಮರಣವೆಂದರೆ ಭೀತಿ. ಶರಣರಿಗಾದರೋ ಅದು ಲಿಂಗದೊಡನೆ ಸಮರಸವಾಗುವ ಮಂಗಳ ಸಮಯ. ಆದುದರಿಂದಲೇ ನಮ್ಮವರು ‘ಸತ್ತರು’ ಎನ್ನದೆ ‘ಲಿಂಗೈಕ್ಯರಾದರು’ ಎನ್ನುವರು.

ಅಂತ್ಯಸಂಸ್ಕಾರದ ಕ್ರಮವನ್ನು ಗಮನಿಸಿರಿ. ದೇಹವನ್ನು ದಹಿಸದೆ, ಕುಳ್ಳಿರಿಸಿ, ವಿಭೂತಿಯನ್ನು ಧಾರಣ ಮಾಡಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಪತ್ರೆ ಪುಷ್ಪಗಳೊಡನೆ ಸಮಾಧಿ ಮಾಡುವರು. ಇದು ನಿತ್ಯವೂ ಲಿಂಗಪೂಜೆಗೆ ಕುಳಿತ ಭಂಗಿಯೇ ಅಲ್ಲವೆ? ಜೀವಿತದ ಕಡೆಯ ಆಸನವೂ ಪೂಜೆಯ ಆಸನವೇ ಆಗಿದೆ.

ಹಾಗಾದರೆ ಈ ಸಂಸ್ಕಾರ ಮಾತ್ರದಿಂದಲೇ ಐಕ್ಯವು ದೊರೆಯುವುದೆ? ಇಲ್ಲ. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳು ಬದುಕಿರುವಾಗಲೇ ಏರಬೇಕಾದ ಸೋಪಾನಗಳು. ಬದುಕಿನಲ್ಲಿ ಲಿಂಗದೊಡನೆ ಬೆರೆಯದವನನ್ನು ಸಮಾಧಿಯು ಬೆರೆಸಲಾರದು. 12ನೆಯ ಶತಮಾನದ ಶರಣರು ಸ್ವರ್ಗ ನರಕಗಳನ್ನು ಪರಲೋಕದಲ್ಲಿ ಅರಸದೆ ಮನುಷ್ಯನ ನಡೆನುಡಿಗಳಲ್ಲಿಯೇ ಕಂಡರು. ಮರಣದ ಮನೆಗೆ ಮೈಲಿಗೆಯೆಂಬ ಪ್ರೇತಸೂತಕವನ್ನೂ ತೊರೆದರು.

ಮನೆಯ ಹಿರಿಯರು ಅಗಲಿದಾಗ ಕಣ್ಣೀರು ಬರುವುದು ಸಹಜ, ಅದು ದೋಷವಲ್ಲ. ಆದರೆ ಅವರು ಎಲ್ಲಿಗೆ ಹೋದರೆಂದು ಚಿಂತಿಸುವುದಕ್ಕಿಂತ, ಅವರು ನಡೆದ ಕಾಯಕ ದಾಸೋಹಗಳ ದಾರಿಯಲ್ಲಿ ನಾವು ನಡೆಯುತ್ತಿರುವೆವೇ ಎಂದು ಕೇಳಿಕೊಳ್ಳುವುದು ಮೇಲು. ವಿದ್ಯಾರ್ಥಿಗಳೇ, ನಾಳೆ ಬೆಳಗಿನ ಪೂಜೆಗೆ ಕುಳಿತಾಗ ಈ ಮಾತನ್ನು ನೆನೆಯಿರಿ.