ಮಂಚದ ಕೆಳಗಿನ ಡಬ್ಬಿ

ಪ್ರಶ್ನೆ: ನಮ್ಮ ಮನೆ ಭದ್ರಾವತಿಯಲ್ಲಿ. ಮಗನಿಗೆ ಹದಿನೇಳು ವರ್ಷ, ಶಿವಮೊಗ್ಗದಲ್ಲಿ ದ್ವಿತೀಯ ಪಿಯುಸಿ ಓದುತ್ತಾನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಮೂರು ವಾರದ ಹಿಂದೆ ಅವನ ಕೋಣೆ ಗುಡಿಸುವಾಗ ಮಂಚದ ಕೆಳಗೆ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಮುಚ್ಚಳಕ್ಕೆ ಸಣ್ಣ ಸಣ್ಣ ತೂತು. ಒಳಗೆ ಗೇಣುದ್ದದ ಹಾವಿನ ಮರಿ, ಕಂದು ಮೈ, ಮೇಲೆಲ್ಲ ಗಾಢ ಮಚ್ಚೆ. ಅಡಿಕೆ ತೋಟದಲ್ಲಿ ಸಿಕ್ಕಿತಂತೆ. "ಮಣ್ಣುಮುಕ್ಕ ಅಮ್ಮ, ವಿಷ ಇಲ್ಲ, ಸಾಕ್ತೀನಿ" ಅನ್ನುತ್ತಾನೆ. ಅವರಪ್ಪನಿಗೆ ಹೇಳಿಲ್ಲ. ಹೇಳಿದರೆ ಹಾವನ್ನೂ ಹೊಡೆಯುತ್ತಾರೆ, ಅವನನ್ನೂ ಹೊಡೆಯುತ್ತಾರೆ. ಯಾರದೋ ಮನೆಯ ಸುದ್ದಿ ಅನ್ನುವ ಹಾಗೆ ಪಕ್ಕದವರಲ್ಲಿ ವಿಚಾರಿಸಿದೆ. "ಎರಡು ತಲೆ ಹಾವಾದರೆ ಲಕ್ಷಗಟ್ಟಲೆ ಬರುತ್ತೆ" ಅಂದರು. ಒಂದು ದಿನ ನಾನೇ ಹೆದರಿಕೊಂಡು ಮುಚ್ಚಳ ಸರಿಸಿ, ಬಾಟಲಿ ಮುಚ್ಚಳದಲ್ಲಿ ಸ್ವಲ್ಪ ಹಾಲಿಟ್ಟೆ. ಮುಟ್ಟಲಿಲ್ಲ. ಯಾವಾಗ ನೋಡಿದರೂ ಮೂತಿಯನ್ನು ಡಬ್ಬಿಯ ಮೂಲೆಗೆ ಒತ್ತಿ ಒತ್ತಿ ದಾರಿ ಹುಡುಕುತ್ತಿರುತ್ತದೆ.

ಈ ವರ್ಷ ಮಗ ನಮ್ಮ ಜೊತೆ ಮಾತಾಡುವುದೇ ಕಡಿಮೆ. ಕಾಲೇಜು, ನೀಟ್ ಕೋಚಿಂಗ್, ಕೋಣೆ, ಅಷ್ಟೇ. ಹಾವಿನ ಮಾತು ಬಂದರೆ ಮಾತ್ರ ಮುಖ ಅರಳುತ್ತದೆ. ಫಿಸಿಕ್ಸ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಅದರದೇ ಚಿತ್ರ, ತಾರೀಖು. ಬಿಡಿಸಿದರೆ ಇನ್ನೂ ದೂರವಾಗುತ್ತಾನೇನೋ ಅಂತ ಭಯ, ಬಿಡಿಸದಿದ್ದರೆ ಕಚ್ಚೀತು ಅಂತ ಭಯ. "ಇದು ಬೇಡ ಅಂದರೆ ಬೆಂಗಳೂರಿನಿಂದ ಫಾರಿನ್ ಹಾವು ತರಿಸ್ತೀನಿ, ಅದಕ್ಕೆ ಕಾನೂನು ಅಡ್ಡ ಬರಲ್ಲ" ಅನ್ನುತ್ತಾನೆ. ಏನು ಮಾಡಲಿ?
– ಹೆಸರು ಬೇಡ, ಭದ್ರಾವತಿ

ಉತ್ತರ: ತಾಯಿ, ನೀವು ಫೋನ್ ನಂಬರ್ ಬರೆದಿದ್ದರಿಂದ ಪತ್ರ ಓದಿದ ಗಳಿಗೆಯಲ್ಲೇ ಕರೆ ಮಾಡಿದೆ. ಡಬ್ಬಿಯ ಮುಚ್ಚಳ ಇನ್ನು ಯಾರೂ ತೆಗೆಯಬಾರದು, ಬಿಸಿಲು ತಾಗದ ಕಡೆ ಇಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು, ಫೋನನ್ನು ಮಗನ ಕೈಯಲ್ಲೇ ಮಾಡಿಸಬೇಕು ಎಂದೆ. ಅವನು ಕಾಲೇಜಿಗೆ ಹೋದಾಗ ಗುಟ್ಟಾಗಿ ಕೊಟ್ಟುಬಿಡಬೇಡಿ ಎಂದೂ ಹೇಳಿದೆ. ಸಂಜೆ ನೀವು ವಾಪಸ್ ಕರೆ ಮಾಡಿ, ಹಾವನ್ನು ಒಯ್ದರು, ಮಗ ಬಾಗಿಲು ಹಾಕಿಕೊಂಡಿದ್ದಾನೆ, ಊಟಕ್ಕೂ ಬಂದಿಲ್ಲ ಎಂದಿರಿ. ಹಾವಿನ ಕೆಲಸ ಒಂದೇ ದಿನಕ್ಕೆ ಮುಗಿಯಿತು. ಮಗನ ಜೊತೆಗಿನ ಕೆಲಸ ಈಗ ಶುರು. ಈ ಉತ್ತರ ಅದಕ್ಕೆ. ಮಳೆಗಾಲದಲ್ಲಿ ಇಂಥ ಡಬ್ಬಿ ಇನ್ನೆಷ್ಟೋ ಮಂಚಗಳ ಕೆಳಗೆ ಇರಬಹುದಾದ್ದರಿಂದ, ನಿಮಗೆ ಫೋನಿನಲ್ಲಿ ಹೇಳಿದ್ದಕ್ಕೆ ಕಾರಣವನ್ನೂ ಬರೆಯುತ್ತೇನೆ.

ಗೇಣುದ್ದ, ಕಂದು ಮೈ, ಗಾಢ ಮಚ್ಚೆ. ಈ ಮೂರು ಮಾತು ಓದಿ ನನ್ನ ಎದೆ ಝಲ್ಲೆಂದಿತು. ಮಣ್ಣುಮುಕ್ಕದಲ್ಲಿ ನುಣುಪು ಮೈಯ ಕೆಂಗಂದು ಹಾವು ಒಂದು, ಒರಟು ಮೈಯ ಮಚ್ಚೆ ಹಾವು ಇನ್ನೊಂದು. ಎರಡಕ್ಕೂ ವಿಷವಿಲ್ಲ, ನಿಜ. ಆದರೆ ಮಚ್ಚೆಯದಕ್ಕೂ ಕೊಳಕುಮಂಡಲದ ಮರಿಗೂ ಹೋಲಿಕೆ ಬಹಳ. ಕೊಳಕುಮಂಡಲದ ಮಚ್ಚೆಗಳು ಬೆನ್ನುದ್ದಕ್ಕೂ ಮೂರು ಸಾಲಾಗಿ ಸರಪಣಿಯ ಹಾಗೆ ಕೂತಿರುತ್ತವೆ, ತಲೆ ಮುಕ್ಕೋನ, ಬಾಲ ಸಪೂರ. ಮಣ್ಣುಮುಕ್ಕದ ಮಚ್ಚೆಗಳು ಒಂದಕ್ಕೊಂದು ಕಲಸಿಕೊಂಡಿರುತ್ತವೆ, ಬಾಲ ಮೊಂಡು. ಪುಸ್ತಕದ ಚಿತ್ರದಲ್ಲಿ ಇದು ಸಲೀಸು. ಸುರುಳಿ ಸುತ್ತಿಕೊಂಡ ಗೇಣುದ್ದದ ಮರಿಯಲ್ಲಿ, ಮಂಚದ ಕೆಳಗಿನ ಕತ್ತಲಲ್ಲಿ ಸಲೀಸಲ್ಲ. ಕೊಳಕುಮಂಡಲ ಮರಿ ಹಾಕುವ ಹಾವು. ಬೇಸಿಗೆಯ ಕೊನೆ, ಮಳೆಗಾಲದ ಮೊದಲಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಮರಿ ಹಾಕುತ್ತದೆ. ಹುಟ್ಟಿದ ಮರಿ ಹೆಚ್ಚುಕಡಿಮೆ ಗೇಣುದ್ದವೇ ಇರುತ್ತದೆ, ವಿಷದ ಹಲ್ಲು ಇಟ್ಟುಕೊಂಡೇ ಹುಟ್ಟುತ್ತದೆ. ಕಟ್ಟುಹಾವಿನಲ್ಲೂ ಇದೇ ಗೊಂದಲ. ಅದರ ಮರಿಯನ್ನು ವಿಷವಿಲ್ಲದ ತೋಳಹಾವು ಎಂದು ತಿಳಿದು ಕೈಯಲ್ಲಿ ಹಿಡಿಯುವವರಿದ್ದಾರೆ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ರೆಪ್ಪೆ ಜೋಲತೊಡಗಿದಾಗಲೇ ಗೊತ್ತಾಗುವುದು.

ನಿಮ್ಮ ಡಬ್ಬಿಯಲ್ಲಿದ್ದದ್ದು ಯಾವುದು ಎಂದು ಇಲಾಖೆಯವರು ನಿಮಗೆ ಹೇಳಿದ್ದಾರೆ. ನಾನು ಇಲ್ಲಿ ಬರೆಯುವುದಿಲ್ಲ. ಮಣ್ಣುಮುಕ್ಕ ಎಂದು ಬರೆದರೆ ಇನ್ನೊಬ್ಬ ಹುಡುಗನಿಗೆ ಧೈರ್ಯ ಬರುತ್ತದೆ, ಅವನ ಡಬ್ಬಿಯಲ್ಲಿರುವುದು ಮಣ್ಣುಮುಕ್ಕವೇ ಆಗಿರಬೇಕೆಂದಿಲ್ಲ. 2000ದಿಂದ 2019ರವರೆಗಿನ ಲೆಕ್ಕ ಹಿಡಿದರೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶ ಮಾಡಿತು. ಯಾರಿಗೇ ಆಗಲಿ ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧಿಗೆ ಅಲೆದು ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಸೇರಿಸಿ.

ಹಾಲಿಟ್ಟ ವಿಷಯ ಬರೆದಿದ್ದೀರಲ್ಲ, ಅದನ್ನು ಎರಡು ಸಲ ಓದಿದೆ. ಹೆದರಿಕೆ ಇದ್ದರೂ ಹಸಿದಿದೆಯೇನೋ ಎಂದು ನಿಮ್ಮ ಕೈ ಮುಂದೆ ಹೋಯಿತು. ಆ ಕೈ ದೊಡ್ಡದು ತಾಯಿ. ಆದರೆ ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಜೀರ್ಣವಾಗುವುದಿಲ್ಲ. ಅದಕ್ಕೆ ಬೇಕಾದದ್ದು ನಾವು ಕೊಡಲಾಗದ್ದು: ಬಿಲ, ಬೇಟೆ, ಬಿಸಿಲಿಗೊಂದು ಜಾಗ, ನೆರಳಿಗೊಂದು ಜಾಗ. ಮೂತಿಯನ್ನು ಮೂಲೆಗೆ ಒತ್ತುತ್ತಿತ್ತು ಎಂದಿರಿ. ಡಬ್ಬಿಯಲ್ಲಿಟ್ಟ ಹಾವು ಹಾಗೆ ಒತ್ತಿ ಒತ್ತಿ ಮೂತಿಯ ಚರ್ಮವನ್ನೇ ಕೆರೆದುಕೊಳ್ಳುತ್ತದೆ. ನಾಯಿಮರಿ ಸಾಕಿದವರ ಹಿಂದೆ ಬರುತ್ತದೆ, ಹಾವು ಬರುವುದಿಲ್ಲ. ನಮ್ಮ ಕೈಗೆ ಒಗ್ಗಿದೆ ಎಂದು ನಾವು ಅಂದುಕೊಳ್ಳುವಾಗ ಅದು ಬಿಟ್ಟರೆ ಸಾಕು ಎಂದು ಕಾಯುತ್ತಿರುತ್ತದೆ.

ಕಾನೂನಿನ ಮಾತನ್ನೂ ಮಗನಿಗೆ ಮುಚ್ಚಿಡದೆ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಅಂಥ ಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ನಾಗರಹಾವು, ಕೊಳಕುಮಂಡಲ, ಕಾಳಿಂಗ, ಹೆಬ್ಬಾವು ಮೊದಲ ಅನುಸೂಚಿಯಲ್ಲಿವೆ. ಇವುಗಳ ವಿಷಯದಲ್ಲಿ ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು. ಬಚ್ಚಿಟ್ಟಷ್ಟೂ ತೊಡಕು, ಒಪ್ಪಿಸಿದ್ದೇ ಒಳ್ಳೆಯದಾಯಿತು. ಇನ್ನು ಪಕ್ಕದವರ ಲಕ್ಷದ ಮಾತು. ಮಣ್ಣುಮುಕ್ಕದ ಮೊಂಡು ಬಾಲವೇ ಇನ್ನೊಂದು ತಲೆಯಂತೆ ಕಾಣುತ್ತದೆ, ಎರಡನೇ ತಲೆ ಅಂತ ಯಾವುದೂ ಇಲ್ಲ. ಅದೃಷ್ಟ, ನಿಧಿ, ಔಷಧಿ ಎಂದು ಹಬ್ಬಿಸಿದ ಸುಳ್ಳಿನ ಮೇಲೆ ಆ ವ್ಯಾಪಾರ ನಿಂತಿದೆ. ಅದನ್ನು ನಂಬಿ ಹೋದವರು ಜೈಲು ಕಂಡಿದ್ದಾರೆ, ಹಾವುಗಳು ಜೀವ ತೆತ್ತಿವೆ.

ಬೆಂಗಳೂರಿನ ಫಾರಿನ್ ಹಾವಿಗೂ ಕಾನೂನು ಅಡ್ಡ ಬರುತ್ತದೆ. ಅವನು ಕೇಳುತ್ತಿರುವುದು ಬಹುಶಃ ಬಾಲ್ ಪೈಥಾನ್, ಪಶ್ಚಿಮ ಆಫ್ರಿಕಾ ಕಡೆಯದು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿದೆ. ಇಂಥವನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಕಾಗದಪತ್ರವಿಲ್ಲದೆ ಕೈಬದಲಾಗುವ ಮರಿ ಎಂದರೆ ಅದರ ಹಿಂದೆ ಕಳ್ಳಸಾಗಣೆಯ ದಾರಿ ಇದ್ದೀತು. ಕಾಗದವೆಲ್ಲ ಸರಿಯಿದ್ದರೂ ಒಂದು ಲೆಕ್ಕ ಅವನ ಮುಂದಿಡಿ. ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಪೆಟ್ಟಿಗೆಯ ಒಂದು ಬದಿಗೆ ಸದಾ ಬಿಸಿ ಇರಬೇಕು, ಇನ್ನೊಂದು ಬದಿ ತಂಪಾಗಿರಬೇಕು, ತೇವ ಹದವಾಗಿರಬೇಕು. ಊಟಕ್ಕೆ ಇಲಿ ಬೇಕು, ಅದನ್ನು ನಿಮ್ಮ ಫ್ರೀಜರಿನಲ್ಲಿಡಬೇಕು. ಮುಂದಿನ ವರ್ಷ ಅವನು ಓದಲು ಬೇರೆ ಊರಿಗೆ ಹೋದರೆ ಇಲಿ ಹಾಕುವವರು ಯಾರು? ನೀವೇ. ಹದಿನೇಳರಲ್ಲಿ ಪಟ್ಟು ಹಿಡಿದು ತಂದ ಜೀವ, ನಲವತ್ತರ ಹತ್ತಿರ ಬಂದಾಗಲೂ ಅವನನ್ನೇ ನಂಬಿರುತ್ತದೆ. ಸಂಪಾದಿಸಿ, ಸ್ವಂತ ಮನೆ ಮಾಡಿದ ದಿನ ಬೇಕಾದರೆ ಯೋಚಿಸಲಿ.

ಈಗ ಮಗನ ವಿಷಯ. ಗಂಡನಿಗೆ ಇಂದೇ ಹೇಳಿ. "ಹಾವು ಮನೆಯಲ್ಲಿಲ್ಲ, ಮಗನೇ ಫೋನ್ ಮಾಡಿ ಒಪ್ಪಿಸಿದ" ಎಂಬಲ್ಲಿಂದ ಮಾತು ಶುರುಮಾಡಿ. ಹಾವನ್ನು ತಂದು ಬಚ್ಚಿಟ್ಟದ್ದು ತಪ್ಪು, ಅದನ್ನು ಅವನಿಗೆ ನೇರವಾಗಿ ಹೇಳಬೇಕು. ಕೊನೆಗೆ ಮಾಡಿದ್ದು ಸರಿ, ಅದನ್ನೂ ಅಷ್ಟೇ ನೇರವಾಗಿ ಹೇಳಬೇಕು. ಇಷ್ಟಪಟ್ಟದ್ದನ್ನು ತನ್ನ ಕೈಯಾರೆ ಬಿಟ್ಟುಕೊಟ್ಟ ಹುಡುಗನಿಗೆ ಅದೇ ರಾತ್ರಿ ಏಟು ಬಿದ್ದರೆ, ಇನ್ನು ಮುಂದೆ ಯಾವ ಗುಟ್ಟನ್ನೂ ನಿಮ್ಮ ಮುಂದೆ ಬಿಚ್ಚುವುದಿಲ್ಲ.

ಆಮೇಲೆ ಆ ನೋಟ್‌ಬುಕ್ ಕೇಳಿ. ನೀವು ಪತ್ರದಲ್ಲಿ ಅದನ್ನು ದೂರಿನ ಹಾಗೆ ಬರೆದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಕಂಡ ಒಳ್ಳೆಯ ಸುದ್ದಿ ಅದೊಂದೇ. ತಾರೀಖು ಹಾಕಿ, ಚಿತ್ರ ಬರೆದು, ದಿನಾ ಒಂದು ಜೀವವನ್ನು ಗಮನಿಸುವ ತಾಳ್ಮೆ ಯಾವ ಕೋಚಿಂಗಿನಲ್ಲೂ ಸಿಗುವುದಿಲ್ಲ. ಹಾವು ಮನೆಯಿಂದ ಹೋಗಬೇಕಿತ್ತು, ಹೋಯಿತು. ಈ ಗಮನ ಹೋಗಬಾರದು. ಇದಕ್ಕೆ ನಿಮ್ಮ ಸುತ್ತಮುತ್ತಲೇ ದಾರಿಗಳಿವೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ನಿಮ್ಮದೇ ತಾಲ್ಲೂಕಿನ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ಆಗುಂಬೆಯಲ್ಲಿ ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರವಿದೆ. ಅಲ್ಲಿ ಕಾಳಿಂಗಗಳನ್ನು ಕಾಡಿನಲ್ಲೇ ಬಿಟ್ಟು, ರೇಡಿಯೋ ಸಂಕೇತದ ಜಾಡು ಹಿಡಿದು ಅವುಗಳ ಬದುಕನ್ನು ಬರೆದಿಟ್ಟಿದ್ದಾರೆ. ಆಗುಂಬೆಯಲ್ಲೇ ಕೆಲಸ ಮಾಡಿದ ಪಿ. ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಎಂದು ತೋರಿಸಿ, ಅದಕ್ಕೆ ನಮ್ಮ 'ಕಾಳಿಂಗ' ಎಂಬ ಹೆಸರನ್ನೇ ಇಟ್ಟರು. ಅವರೂ ಒಂದು ಕಾಲಕ್ಕೆ ಹಾವು ಕಂಡರೆ ಕಣ್ಣರಳಿಸುವ ಹುಡುಗರೇ ಆಗಿದ್ದವರು.

ಒಂದು ಎಚ್ಚರಿಕೆ. ಈ ಆಸೆ ಅವನನ್ನು ಬರಿಗೈಯಲ್ಲಿ ಹಾವು ಹಿಡಿದು ರೀಲ್ಸ್ ಮಾಡುವವರ ಹಿಂದೆ ಒಯ್ಯದಿರಲಿ. ಹಾವನ್ನು ಬಲ್ಲವರು ಅದನ್ನು ಮುಟ್ಟುವುದು ಕಡಿಮೆ, ನೋಡುವುದು ಹೆಚ್ಚು. ಇನ್ನೊಂದು ಮಾತು. ನಾಲ್ಕು ದಿನದ ಮುನಿಸು ಸಹಜ. ಆದರೆ ಊಟ ನಿದ್ದೆ ಬಿಟ್ಟು ವಾರಗಳೇ ಕಳೆದರೆ, ಬದುಕೇ ಬೇಡ ಎಂಬ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಸಿಗುತ್ತಾರೆ. ಮನೋವೈದ್ಯರನ್ನೂ ಕಾಣಿ.

ಇವತ್ತು ರಾತ್ರಿ ಅವನ ತಟ್ಟೆಯನ್ನು ಕೋಣೆಗೇ ಒಯ್ಯಿರಿ. ಓದಿನ ಮಾತು ಬೇಡ, ಬುದ್ಧಿಮಾತೂ ಬೇಡ. ಮಂಚದ ಅಂಚಿನಲ್ಲಿ ಕೂತು, "ಅದು ಯಾವತ್ತು ಪೊರೆ ಬಿಟ್ಟಿತ್ತು, ತೋರಿಸೋ" ಎಂದು ಕೇಳಿ. ಹಾವಿಗೆ ಇಟ್ಟ ಹಾಲು ಹಾಗೇ ಉಳಿದಿರಬಹುದು. ಈ ಪ್ರಶ್ನೆ ಹಾಗೆ ಉಳಿಯುವುದಿಲ್ಲ.