ಕೊರಕಲು ಹೇಳುವ ಲೆಕ್ಕ

ಬಳ್ಳಾರಿ ಸೀಮೆಯ ಎರೆಯ ಹೊಲಗಳನ್ನು ಬೇಸಗೆಯಲ್ಲಿ ಕಂಡವರಿಗೆ ಅಲ್ಲಿ ನೀರಿನಿಂದ ಕೇಡು ಉಂಟಾದೀತೆಂದು ತೋರುವುದಿಲ್ಲ. ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ. ಅದರಲ್ಲಿ ಕೈ ತೂರುವಷ್ಟು ಅಗಲವಾದ ಬಿರುಕುಗಳು. ಅಲ್ಲೊಂದು ಇಲ್ಲೊಂದು ಜಾಲಿಯ ಮರ. ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್ ಮಾತ್ರ. ಆದರೂ ನೀರು ನೆಲವನ್ನು ಕಡಿದು ಹಾಕಿರುವ ಗುರುತುಗಳು ಈ ಸೀಮೆಯಲ್ಲಿ ಎಲ್ಲೆಡೆ ಕಾಣುತ್ತವೆ. ಈ ಗುರುತುಗಳಿಗೇ ಕೊರಕಲುಗಳೆಂದು ಹೆಸರು.

ಮಳೆ ಕಡಿಮೆಯಾದ ನಾಡಿನಲ್ಲಿ ಸವಕಳಿ ಹೆಚ್ಚಾಗುವುದೇಕೆ? ಇಲ್ಲಿಯ ಮಳೆ ಮೆಲ್ಲಮೆಲ್ಲನೆ ಹಂಚಿಕೊಂಡು ಬೀಳುವುದಿಲ್ಲ. ಕೆಲವೇ ದಿನಗಳಲ್ಲಿ ರಭಸದಿಂದ ಸುರಿಯುತ್ತದೆ. ಎರೆಮಣ್ಣು ನೆನೆದೊಡನೆ ಉಬ್ಬಿಕೊಳ್ಳುತ್ತದೆ, ಬಿರುಕುಗಳು ಮುಚ್ಚಿಹೋಗುತ್ತವೆ, ಅನಂತರ ಬಿದ್ದ ನೀರು ಒಳಗೆ ಇಂಗಲಾರದೆ ಮೇಲೆಯೇ ಹರಿಯತೊಡಗುತ್ತದೆ. ಇದಲ್ಲದೆ, ಹಿಂಗಾರಿನ ಜೋಳ, ಕಡಲೆಗಳಿಗಾಗಿ ಹೊಲವನ್ನು ಮುಂಗಾರಿನಲ್ಲಿ ಬೀಳುಬಿಡುವ ರೂಢಿಯುಂಟು. ಮಳೆಯ ಹೊಡೆತ ಬೀಳುವ ಹೊತ್ತಿನಲ್ಲಿ ನೆಲಕ್ಕೆ ಪೈರಿನ ಹೊದಿಕೆಯೇ ಇರುವುದಿಲ್ಲ.

ಸವಕಳಿಯು ಮೂರು ಹಂತಗಳಲ್ಲಿ ಮುಂದುವರಿಯುತ್ತದೆ. ಮೊದಲನೆಯದರಲ್ಲಿ ನೀರು ಮೇಲ್ಮಣ್ಣನ್ನು ತೆಳುವಾದ ಪದರಾಗಿ ತೊಳೆದೊಯ್ಯುತ್ತದೆ. ಇದು ಕಣ್ಣಿಗೆ ಬೀಳುವುದೇ ಅಪರೂಪ. ಎರಡನೆಯದರಲ್ಲಿ ಬೆರಳಿನಷ್ಟು, ಅಂಗೈಯಷ್ಟು ಅಗಲದ ಎಳೆಗಾಲುವೆಗಳು ಮೂಡುತ್ತವೆ. ರೈತನು ಕುಂಟೆ ಹೊಡೆದರೆ ಇವು ಅಳಿಸಿಹೋಗುತ್ತವೆ. ಕುಂಟೆಗೂ ನೇಗಿಲಿಗೂ ಅಳಿಸಲಾಗದಷ್ಟು ಆಳವಾದಾಗ ಅದು ಕೊರಕಲೆನಿಸುತ್ತದೆ. ಕೊರಕಲಿನ ಮೇಲ್ತುದಿಯಲ್ಲಿ ನೀರು ಸಣ್ಣ ಜಲಪಾತದಂತೆ ಧುಮುಕಿ ಬುಡವನ್ನು ಕೊರೆಯುತ್ತದೆ. ಬುಡ ಸಡಿಲಗೊಂಡಾಗ ಮೇಲಿನ ಮಣ್ಣು ಕುಸಿಯುತ್ತದೆ. ಹೀಗೆ ಕೊರಕಲಿನ ತಲೆಯು ಮಳೆಗಾಲದಿಂದ ಮಳೆಗಾಲಕ್ಕೆ ಹೊಲದ ಕಡೆಗೆ ಏರಿಬರುತ್ತದೆ. ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರಪ್ರದೇಶಗಳಲ್ಲಿ ಹರಡಿರುವ ಚಂಬಲ್ ಕಣಿವೆಯ ಕಂದರಗಳು ಈ ಕೇಡಿನ ಕೊನೆಯ ರೂಪವಾಗಿವೆ.

ಒಂದು ಹೊಲದಿಂದ ಹೋಗುವ ಮಣ್ಣನ್ನು ಲೆಕ್ಕ ಹಾಕಲು ಅಮೆರಿಕದ ವಿಜ್ಞಾನಿಗಳಾದ ವಿಶ್‌ಮೈಯರ್ ಮತ್ತು ಸ್ಮಿತ್ ಎಂಬುವರು 1965ರಲ್ಲಿ ಪ್ರಕಟಿಸಿದ ಸಮೀಕರಣವು ಪ್ರಸಿದ್ಧವಾಗಿದೆ. ಮಳೆಯ ರಭಸ, ಮಣ್ಣಿನ ಗುಣ, ಇಳಿಜಾರು, ಬೆಳೆ, ಬದುಗಳು ಇವೆಲ್ಲವೂ ಅದರಲ್ಲಿ ಸೇರಿವೆ. ಆದರೆ ಅದು ಪದರು ಸವಕಳಿ ಮತ್ತು ಎಳೆಗಾಲುವೆಗಳನ್ನು ಮಾತ್ರ ಎಣಿಸುತ್ತದೆ. ಕೊರಕಲು ಅದರ ಲೆಕ್ಕಕ್ಕೆ ಹೊರಗಿನದು. ಆದುದರಿಂದ ಕೊರಕಲನ್ನು ಕೊರಕಲಿನಲ್ಲಿಯೇ ಇಳಿದು ಅಳೆಯಬೇಕು. ಅದಕ್ಕೆ ಬೇಕಾದುದು ಅಳತೆಯ ಪಟ್ಟಿ, ಒಂದು ಹುರಿ, ಒಂದು ಕೋಲು ಮತ್ತು ಪ್ರೌಢಶಾಲೆಯ ಗಣಿತ.

ಕೊರಕಲಿನ ಉದ್ದಕ್ಕೂ ಸಮನಾದ ಅಂತರದಲ್ಲಿ ಗೂಟಗಳನ್ನು ನೆಡಬೇಕು. ಪ್ರತಿಯೊಂದು ಗೂಟದ ಬಳಿ ಈ ದಡದಿಂದ ಆ ದಡಕ್ಕೆ ಹುರಿ ಬಿಗಿದು ಮೇಲಗಲ, ತಳದ ಅಗಲ ಮತ್ತು ಆಳಗಳನ್ನು ಬರೆದುಕೊಳ್ಳಬೇಕು. ಆ ಅಡ್ಡಕೊಯ್ತವು ಹೆಚ್ಚುಕಡಿಮೆ ತ್ರಾಪಿಜ್ಯದ ಆಕಾರದಲ್ಲಿರುವುದರಿಂದ, ಎರಡು ಅಗಲಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ ಅದರ ಕ್ಷೇತ್ರಫಲ ದೊರೆಯುತ್ತದೆ. ಅಕ್ಕಪಕ್ಕದ ಎರಡು ಕ್ಷೇತ್ರಫಲಗಳ ಸರಾಸರಿಯನ್ನು ಅವುಗಳ ನಡುವಣ ದೂರದಿಂದ ಗುಣಿಸಿದರೆ ಆ ಭಾಗದ ಘನಫಲ ದೊರೆಯುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೊರಕಲಿನ ಉದ್ದ 60 ಮೀಟರ್. ತಲೆಯಿಂದ ಆರಂಭಿಸಿ 20 ಮೀಟರಿಗೊಂದರಂತೆ ಅಳೆದ ನಾಲ್ಕು ಅಡ್ಡಕೊಯ್ತಗಳ ಕ್ಷೇತ್ರಫಲಗಳು ಕ್ರಮವಾಗಿ 0.4, 1.2, 2.0 ಮತ್ತು 3.0 ಚದರ ಮೀಟರ್ ಎಂದಿರಲಿ. ಮೂರು ಭಾಗಗಳ ಘನಫಲಗಳು 16, 32 ಮತ್ತು 50 ಘನಮೀಟರ್‌ಗಳಾಗುತ್ತವೆ. ಒಟ್ಟು 98 ಘನಮೀಟರ್. ಒಂದು ಘನಮೀಟರ್ ಒಣಮಣ್ಣು 1.3 ಟನ್ ತೂಗುವುದಾದರೆ, ಕೊಚ್ಚಿಹೋದ ಮಣ್ಣು ಸುಮಾರು 127 ಟನ್. ಅರ್ಧ ಟನ್ ಹೇರುವ ಎತ್ತಿನ ಗಾಡಿಗಳಲ್ಲಿ ತುಂಬಿದರೆ ಇನ್ನೂರೈವತ್ತಕ್ಕೂ ಹೆಚ್ಚು ಗಾಡಿಗಳಾಗುತ್ತವೆ! ಅಷ್ಟು ಮಣ್ಣನ್ನು ಯಾರಾದರೂ ಹಗಲಿನಲ್ಲಿ ಹೊತ್ತೊಯ್ದಿದ್ದರೆ ಊರೇ ಎದ್ದು ನಿಲ್ಲುತ್ತಿತ್ತು. ಮಳೆಯು ಒಯ್ದುದರಿಂದ ಯಾರೂ ಕೇಳಲಿಲ್ಲ.

ಈ ನಷ್ಟ ಎಷ್ಟು ವರ್ಷಗಳದೆಂಬುದನ್ನೂ ತಿಳಿಯಬೇಕು. ಇಲ್ಲಿ ಊರಿನ ಹಿರಿಯರ ನೆನಪೇ ಒಂದು ದಾಖಲೆ. ಈ ಜಾಗದಲ್ಲಿ ಹಿಂದೆ ಗಾಡಿ ದಾಟುತ್ತಿತ್ತೇ, ಯಾವ ಮಳೆಗಾಲದಿಂದ ದಾಟದಾಯಿತು ಎಂದು ಅವರನ್ನು ಕೇಳಬೇಕು. ಹಳೆಯ ವೈಮಾನಿಕ ಚಿತ್ರಗಳೂ ಉಪಗ್ರಹ ಚಿತ್ರಗಳೂ ದೊರೆತರೆ ಅವರ ಮಾತನ್ನು ಒರೆಹಚ್ಚಬಹುದು. ನಮ್ಮ ಕೊರಕಲಿಗೆ ಹತ್ತು ವರ್ಷ ಪ್ರಾಯವಾದರೆ ವರ್ಷಕ್ಕೆ ಸುಮಾರು 12.7 ಟನ್, ಅದಕ್ಕೆ ನೀರು ಹರಿದುಬರುವ ನೆಲ 2 ಹೆಕ್ಟೇರ್ ಆದರೆ, ಹೆಕ್ಟೇರಿಗೆ ವರ್ಷಕ್ಕೆ ಸುಮಾರು 6.4 ಟನ್. ಪದರಾಗಿ ಹೋದ ಮಣ್ಣು ಇದರಲ್ಲಿ ಸೇರಿಲ್ಲ. ಒಂದು ಸೆಂಟಿಮೀಟರ್ ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕೆಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ.

ಇದು ಅಂದಾಜೇ ಹೊರತು ತಕ್ಕಡಿಯ ತೂಕವಲ್ಲ. ಗೂಟಗಳ ಅಂತರ ಹೆಚ್ಚಾದಷ್ಟೂ ತಪ್ಪು ಹೆಚ್ಚುತ್ತದೆ. ಕುಸಿದ ಮಣ್ಣು ತಳದಲ್ಲಿಯೇ ಉಳಿದಿದ್ದರೆ ಆಳ ಕಡಿಮೆಯಾಗಿ ಕಾಣುತ್ತದೆ. ಬಿರುಕುಗಳ ಮೂಲಕ ಇಳಿದ ನೀರು ನೆಲದೊಳಗೆ ಸುರಂಗ ಕೊರೆದಿದ್ದರೆ ಅದು ಪಟ್ಟಿಗೆ ಸಿಕ್ಕುವುದೇ ಇಲ್ಲ. ಆದರೂ ಅದೇ ಗೂಟಗಳ ಬಳಿ ಪ್ರತಿವರ್ಷ ಮಳೆಗಾಲಕ್ಕೆ ಮೊದಲೂ ಅನಂತರವೂ ಅಳೆಯುತ್ತ ಬಂದರೆ ಅಂದಾಜು ನಿಜಕ್ಕೆ ಹತ್ತಿರವಾಗುತ್ತದೆ.

ಹೋದ ಮಣ್ಣು ಎಲ್ಲಿಗೆ ಸೇರುತ್ತದೆ? ವಿಜ್ಞಾನಿಗಳಾದ ಧ್ರುವನಾರಾಯಣ ಮತ್ತು ರಾಂ ಬಾಬು ಅವರು 1983ರಲ್ಲಿ ಮಾಡಿದ ಅಂದಾಜಿನಂತೆ, ಭಾರತದಲ್ಲಿ ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ಸವೆಯುತ್ತಿತ್ತು. ಅದರಲ್ಲಿ ಶೇಕಡ 29ರಷ್ಟು ಸಮುದ್ರದ ಪಾಲಾಗುತ್ತಿತ್ತು. ಶೇಕಡ 10ರಷ್ಟು ಜಲಾಶಯಗಳಲ್ಲಿ ನಿಲ್ಲುತ್ತಿತ್ತು. ನಮ್ಮ ತುಂಗಭದ್ರಾ ಜಲಾಶಯವೇ ಇದಕ್ಕೆ ಸಾಕ್ಷಿ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯಬಲ್ಲದಾಗಿದ್ದ ಅದರ ಸಾಮರ್ಥ್ಯವು, ಮೇಲ್ಸೀಮೆಯಿಂದ ಬಂದ ಹೂಳಿನಿಂದಾಗಿ ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದಿದೆ. ಮೇಲಿನ ಹೊಲ ಕಳೆದುಕೊಂಡ ಮಣ್ಣು ಕೆಳಗಿನ ಹೊಲದ ನೀರನ್ನೂ ಕಸಿದುಕೊಂಡಿತು.

ಅಳೆಯುವುದು ಅಳುವುದಕ್ಕಾಗಿಯಲ್ಲ, ತಡೆಯುವುದಕ್ಕಾಗಿ. ಯಾವ ಕೊರಕಲಿನ ತಲೆ ವೇಗವಾಗಿ ಏರುತ್ತಿದೆಯೆಂದು ತಿಳಿದರೆ ಮೊದಲು ಅಲ್ಲಿಗೆ ಹರಿಯುವ ನೀರನ್ನು ತಿರುಗಿಸಬಹುದು. ಮೇಲಿನ ಹೊಲಗಳಿಗೆ ಬದು ಹಾಕಬಹುದು. ಕೊರಕಲಿನೊಳಗೆ ಅಲ್ಲಲ್ಲಿ ಕಲ್ಲಿನ ತಡೆಗಳನ್ನು ಕಟ್ಟಿ, ದಡದಲ್ಲಿ ಹುಲ್ಲು, ಕತ್ತಾಳೆಗಳನ್ನು ಬೆಳೆಸಬಹುದು. ಇಂತಹ ಉಪಾಯಗಳ ಸಂಶೋಧನೆಗಾಗಿಯೇ 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. ತಡೆ ಕಟ್ಟಿದ ಮರುವರ್ಷ ಅದೇ ಗೂಟದ ಬಳಿ ಆಳ ಕಡಿಮೆಯಾಗಿದ್ದರೆ ನಮ್ಮ ಶ್ರಮ ಫಲಿಸಿತೆಂದು ತಿಳಿಯಬಹುದು.

ಬೆಳೆ ಹೋದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಮಣ್ಣು ಹೋದರೆ ಬಿತ್ತುವುದೆಲ್ಲಿ? ಶಾಲೆಯ ದಾರಿಯಲ್ಲಿ ನಾವು ದಿನವೂ ಹಾರಿ ದಾಟುವ ಕೊರಕಲು ಬರಿಯ ಹಳ್ಳವಲ್ಲ. ಅದು ನೆಲವು ಬರೆದಿಟ್ಟ ನಷ್ಟದ ಲೆಕ್ಕ. ಅದನ್ನು ಓದುವುದನ್ನು ಕಲಿತವನು ಅದನ್ನು ಮುಚ್ಚುವ ದಾರಿಯನ್ನೂ ಹುಡುಕುತ್ತಾನೆ.